ಎಲ್‌ಎಸ್‌ಡಿ ಗಾಡಿಗೆ ‘ತೊಂಬತ್ತು ನಂಬರ್’ ಎಂದರೆ ಸಾಲದು

ನಮಸ್ಕಾರ. ಕಲಬುರಗಿ ಸೀಮೆಯಲ್ಲಿ ಮುಂಗಾರು ಹಿಡಿಯಿತೆಂದರೆ ಹಿಂದಿನ ಚಕ್ರ ಹೂತ ಗಾಡಿಗಳ ಮಾತು ಎಲ್ಲ ಗ್ಯಾರೇಜಿನಲ್ಲೂ ಶುರುವಾಗುತ್ತದೆ. ನಮ್ಮ ಎರೆಮಣ್ಣಿನ ಸ್ವಭಾವವೇ ಅಂಥದ್ದು; ಒಂದು ಹದ ಮಳೆ ಬಿದ್ದರೆ ಸಾಕು, ಟೈರಿನ ಗೆರೆಗಳೆಲ್ಲ ಮಣ್ಣಿನಿಂದ ತುಂಬಿ ನುಣುಪಾಗುತ್ತವೆ, ಒಂದು ಚಕ್ರ ತಿರುಗುತ್ತಲೇ ಇರುತ್ತದೆ, ಇನ್ನೊಂದು ಕದಲುವುದಿಲ್ಲ. ಹೀಗಾಗಿ ತೊಗರಿ ಹೊಲಕ್ಕೆ ನಿತ್ಯ ಓಡಾಡುವವರು ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ) ಇರುವ ಗಾಡಿ ಹುಡುಕಿ ಕೊಳ್ಳುವುದು ನ್ಯಾಯವೇ. ಆದರೆ ಅದರ ಎಣ್ಣೆ ಬದಲಿಸುವ ದಿನ ಬಂದಾಗ ಅಂಗಡಿಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಕೇಳಿಬರುವುದು ಒಂದೇ ಮಾತು: “ತೊಂಬತ್ತು ನಂಬರ್ ಹಾಕಿದ್ರ ಮುಗೀತ್ರಿ ಅಣ್ಣಾರ, ಏನೂ ಆಗಂಗಿಲ್ಲ.” ತೊಂಬತ್ತು ಎಂಬುದು ಗೇರ್ ಎಣ್ಣೆಯ ದಪ್ಪ ಹೇಳುವ ಅಂಕಿ. ಈ ಸಂಚಿಕೆಯಲ್ಲಿ ನಾನು ಹೇಳಹೊರಟಿರುವುದು ಈ ಮಾತಿಗೆ ನನ್ನ ಆಕ್ಷೇಪವನ್ನು.

ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಗುಬಲವನ್ನು ಕೊಡುತ್ತದೆ. ಕೆಸರಿನಲ್ಲಿರುವ ಚಕ್ರ ತಿರುಗಲು ಎಷ್ಟು ಕಡಿಮೆ ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುತ್ತದೆ, ಆದ್ದರಿಂದಲೇ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಈ ಕೊರತೆಯನ್ನು ನೀಗಿಸುವ ಪ್ರಯತ್ನ ಹೊಲದಿಂದ ಬಂದದ್ದಲ್ಲ, ರೇಸಿನ ಮೈದಾನದಿಂದ ಬಂದದ್ದು. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆ ವಿನ್ಯಾಸಗೊಳಿಸಿದ ಆಟೋ ಯೂನಿಯನ್ ಕಾರುಗಳ ಶಕ್ತಿ ಎಷ್ಟಿತ್ತೆಂದರೆ ತಿರುವಿನಿಂದ ಹೊರಬರುವಾಗ ಒಂದು ಚಕ್ರ ಸುಮ್ಮನೆ ಸುತ್ತತೊಡಗುತ್ತಿತ್ತು. ಅದಕ್ಕೆ ಪರಿಹಾರ ಕೇಳಿ 1935ರಲ್ಲಿ ಅವರು ಜರ್ಮನಿಯ ಜೆಡ್‌ಎಫ್ ಕಂಪನಿಯ ಮೊರೆಹೋದರು. ಮುಂದೆ ಬಳಕೆಗೆ ಬಂದ ಬಗೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಪ್ಲೇಟುಗಳದ್ದು. ಡಿಫರೆನ್ಷಿಯಲ್ ಒಳಗೆ ಪಕ್ಕದ ಗೇರುಗಳ ಬೆನ್ನಿಗೆ ತೆಳುವಾದ ಕ್ಲಚ್ ಪ್ಲೇಟುಗಳನ್ನು ಒತ್ತಾಗಿ ಜೋಡಿಸಿರುತ್ತಾರೆ, ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ವೇಗವಾಗಿ ಓಡಲು ಹೊರಟರೆ ಪ್ಲೇಟುಗಳ ಘರ್ಷಣೆ ಅದನ್ನು ತಡೆದು ಬಲವನ್ನು ಆಚೆ ಬದಿಗೆ ದಾಟಿಸುತ್ತದೆ.

ಇಲ್ಲಿಯೇ ಎಣ್ಣೆಯ ತಕರಾರು ಹುಟ್ಟುವುದು. ಅದೇ ಹೌಸಿಂಗ್‌ನಲ್ಲಿರುವ (ಹೊರಕವಚದಲ್ಲಿರುವ) ಕ್ರೌನ್-ಪಿನಿಯನ್ ಎಂಬ ಮುಖ್ಯ ಗೇರುಗಳ ಹಲ್ಲುಗಳಿಗೆ ಎಷ್ಟು ಜಾರಿಕೆ ಸಿಕ್ಕರೂ ಒಳ್ಳೆಯದೇ, ಆದರೆ ಪ್ಲೇಟುಗಳಿಗೆ ಅಳತೆ ಮಾಡಿದಷ್ಟೇ ಜಾರಿಕೆ ಬೇಕು. ಇಕ್ಕಟ್ಟಾದ ತಿರುವಿನಲ್ಲಿ ನಿಧಾನವಾಗಿ ಹೊರಳುವಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕಾಗುತ್ತದೆ. ಅಂಟಿ ನಿಂತ ಪ್ಲೇಟು ಕದಲಲು ಬೇಕಾದ ಬಲ ಅದು ಜಾರುತ್ತಿರುವಾಗಿನ ಬಲಕ್ಕಿಂತ ಹೆಚ್ಚಾಗಿದ್ದರೆ, ಪ್ಲೇಟು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಒಳಗೆ ಕೂತವರಿಗೆ ಅದು ಹಿಂದಿನಿಂದ ಬರುವ ಗರಗರ ಸದ್ದಾಗಿಯೂ ಸೀಟಿನ ಕೆಳಗಿನ ಅದುರಾಗಿಯೂ ತಿಳಿಯುತ್ತದೆ. ಇದನ್ನು ತಪ್ಪಿಸಲೆಂದೇ ಎಣ್ಣೆಗೆ ಫ್ರಿಕ್ಷನ್ ಮಾಡಿಫೈಯರ್ ಬೆರೆಸುವುದು. ಅದು ಲೋಹದ ಮೈಗೆ ತೆಳುವಾಗಿ ಅಂಟಿಕೊಂಡು ಮೊದಲ ಹಿಡಿತವನ್ನು ಮೆತ್ತಗಾಗಿಸುತ್ತದೆ. ಕಡಿಮೆಯಾದರೆ ಅದುರು ತಪ್ಪದು, ಹೆಚ್ಚಾದರೆ ಪ್ಲೇಟುಗಳು ಹಿಡಿಯುವ ಕೆಲಸವನ್ನೇ ಮರೆತು ನಿಮ್ಮ ಎಲ್‌ಎಸ್‌ಡಿ ಸಾಮಾನ್ಯ ಡಿಫರೆನ್ಷಿಯಲ್‌ನಂತೆ ವರ್ತಿಸತೊಡಗುತ್ತದೆ.

“ಡಬ್ಬದ ಮೇಲೆ ಜಿಎಲ್-5 ಅಂತ ಬರ್ದೈತಲ್ರಿ” ಎನ್ನುವವರಿಗೆ ನನ್ನ ಉತ್ತರ ಇದು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ಗೇರ್ ಎಣ್ಣೆಗೆ ಗೊತ್ತುಮಾಡಿದ ಜಿಎಲ್-5 ದರ್ಜೆಗೆ ಮಾಡುವ ಪರೀಕ್ಷೆಗಳು ಭಾರದಡಿಯಲ್ಲಿ ಹಲ್ಲು ಸವೆಯುವುದನ್ನು, ಒಮ್ಮೆಲೇ ಬೀಳುವ ಹೊಡೆತವನ್ನು, ತೇವಕ್ಕೆ ತುಕ್ಕು ಹಿಡಿಯುವುದನ್ನು, ಕಾವಿಗೆ ಎಣ್ಣೆ ಕೆಡುವುದನ್ನು ನೋಡುತ್ತವೆ. ಎಲ್‌ಎಸ್‌ಡಿ ಪ್ಲೇಟುಗಳು ಅದುರುತ್ತವೆಯೋ ಇಲ್ಲವೋ ಎಂಬುದನ್ನು ಅವು ನೋಡುವುದೇ ಇಲ್ಲ. ಅಂದರೆ ಕಟ್ಟುನಿಟ್ಟಾಗಿ ಜಿಎಲ್-5 ಪಾಸಾದ ಅತ್ಯುತ್ತಮ ಎಣ್ಣೆಯೂ ನಿಮ್ಮ ಪ್ಲೇಟುಗಳಿಗೆ ಒಗ್ಗದೆ ಹೋಗಬಹುದು, ಇದರಲ್ಲಿ ಎಣ್ಣೆಯ ತಪ್ಪೇನೂ ಇಲ್ಲ. ನೀವು ಹುಡುಕಬೇಕಾದದ್ದು ಜಿಎಲ್-5 ಜೊತೆಗೆ ‘ಎಲ್‌ಎಸ್’ ಅಥವಾ ‘ಲಿಮಿಟೆಡ್ ಸ್ಲಿಪ್’ ಎಂದು ಸ್ಪಷ್ಟವಾಗಿ ಬರೆದ ಡಬ್ಬ.

ಈ ಮಾಡಿಫೈಯರ್‌ಗೆ ಒಂದು ವಿಚಿತ್ರ ಚರಿತ್ರೆಯಿದೆ. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೂ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೂ ಲಿಮಿಟೆಡ್ ಸ್ಲಿಪ್ ಎಣ್ಣೆಗೂ ಬೆರೆಸುತ್ತಿದ್ದರು. ಕಾವು ತಡೆದು ಲೋಹಕ್ಕೆ ಅಂಟಿಕೊಳ್ಳುವ ಗುಣ ಅದರಲ್ಲಿತ್ತು. ತಿಮಿಂಗಿಲಗಳು ಅಳಿವಿನಂಚಿಗೆ ಬಂದು ಆ ಎಣ್ಣೆಗೆ ನಿಷೇಧ ಬಿದ್ದ ಮೇಲೆ ರಸಾಯನ ತಜ್ಞರು ಬದಲಿ ಹುಡುಕಲೇಬೇಕಾಯಿತು. ಈಗ ಡಬ್ಬದಲ್ಲಿ ಬರುವುದು ಆ ಬದಲಿಗಳೇ.

ಹಾಗೆಂದು ‘ಎಲ್‌ಎಸ್’ ಬರೆದ ಡಬ್ಬವನ್ನು ಎಲ್ಲ ಗಾಡಿಗೂ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ತೊಂಬತ್ತು ನಂಬರಿನವರಿಗೂ ನನಗೂ ವ್ಯತ್ಯಾಸವೇ ಉಳಿಯದು. ಮೊದಲು ನಿಮ್ಮ ಹೌಸಿಂಗ್ ಒಳಗೆ ಯಾವ ಜಾತಿಯ ಡಿಫರೆನ್ಷಿಯಲ್ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಟಾರ್ಸೆನ್ ಬಗೆಯದ್ದಾದರೆ ಅಲ್ಲಿ ಪ್ಲೇಟುಗಳ ಬದಲು ಓರೆ ಹಲ್ಲಿನ ಗೇರುಗಳೇ ತಮ್ಮ ತಮ್ಮಲ್ಲಿ ಮತ್ತು ಗೋಡೆಗೆ ಉಜ್ಜಿಕೊಂಡು ತಡೆಯನ್ನು ಹುಟ್ಟಿಸುತ್ತವೆ. ಅದಕ್ಕೆ ಮಾಡಿಫೈಯರ್ ಬೇಕಿಲ್ಲ, ಹಾಕಿದರೆ ಅದರ ಹಿಡಿತವನ್ನೇ ತಗ್ಗಿಸಿದಂತೆ. ನಮ್ಮ ಭಾಗದ ಹಳ್ಳಿದಾರಿಗಳಲ್ಲಿ ಕಾಣುವ ಮಹೀಂದ್ರಾ ಥಾರ್ ಮತ್ತು ಬೊಲೆರೊ ನಿಯೋ ಗಾಡಿಗಳ ಕೆಲವು ಮಾದರಿಗಳ ಹಿಂದಿನ ಆಕ್ಸಲ್‌ನಲ್ಲಿರುವುದು ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್. ಇದನ್ನು ಜನ ಎಲ್‌ಎಸ್‌ಡಿ ಎಂದೇ ಕರೆಯುತ್ತಾರೆ, ಆದರೆ ಇದರ ನಡೆ ಬೇರೆ. ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದಾಗ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ ಕೊಂಡಿ ಹಾಕಿಕೊಳ್ಳುತ್ತವೆ, ಆಮೇಲೆ ಇಳಿಜಾರು ಹಲ್ಲುಗಳು ಪ್ಲೇಟುಗಳನ್ನು ಒತ್ತಿ ಪೂರ್ತಿ ಬಿಗಿ ಮಾಡುತ್ತವೆ. ಇಂಥದ್ದರಲ್ಲಿ ಮಾಡಿಫೈಯರ್ ಹೆಚ್ಚಾದರೆ ಪ್ಲೇಟು ಹಿಡಿಯುವುದು ತಡವಾಗುತ್ತದೆ. ಇದೇ ಬಗೆಯ ಈಟನ್ ಲಾಕರ್ ಬಳಸುವ ಜನರಲ್ ಮೋಟರ್ಸ್ ತನ್ನ ಪಿಕಪ್‌ಗಳಿಗೆ ಲಿಮಿಟೆಡ್ ಸ್ಲಿಪ್ ಅಡಿಟಿವ್ ಹಾಕಬೇಡಿ ಎಂದೇ ಹೇಳಿದೆ. ಫೋರ್ಸ್ ಗೂರ್ಖಾದಲ್ಲಿರುವುದು ಚಾಲಕ ತಾನೇ ಹಾಕುವ ಲಾಕ್, ಅದಕ್ಕೆ ಈ ಚಿಂತೆಯೇ ಇಲ್ಲ.

ಹಿಂದಿನ ಎರಡೂ ಚಕ್ರ ಎತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಒಂದನ್ನು ಕೈಯಿಂದ ತಿರುಗಿಸಿ ನೋಡುವ ಪರೀಕ್ಷೆಯೊಂದು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಇನ್ನೊಂದು ಚಕ್ರ ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟಿನ ಎಲ್‌ಎಸ್‌ಡಿ ಇದೆಯೆಂದೂ ವಿರುದ್ಧ ದಿಕ್ಕಿಗೆ ತಿರುಗಿದರೆ ಇಲ್ಲವೆಂದೂ ತೀರ್ಮಾನ. ಮೊದಲ ಅರ್ಧ ಬಹುಮಟ್ಟಿಗೆ ಸರಿ. ಎರಡನೆಯ ಅರ್ಧವನ್ನು ನಂಬಬೇಡಿ, ಏಕೆಂದರೆ ಈಗ ಹೇಳಿದ ಲಾಕಿಂಗ್ ಡಿಫರೆನ್ಷಿಯಲ್ ನಿಧಾನವಾಗಿ ತಿರುಗಿಸಿದಾಗ ಸಾಮಾನ್ಯದಂತೆಯೇ ನಡೆದುಕೊಳ್ಳುತ್ತದೆ, ಸವೆದ ಪ್ಲೇಟುಗಳ ಹಳೆಯ ಎಲ್‌ಎಸ್‌ಡಿಯೂ ಹಾಗೇ ಮಾಡಬಹುದು. ಗಾಡಿಯ ಜೊತೆ ಬಂದ ಮಾಲೀಕರ ಕೈಪಿಡಿಯೇ ಇಲ್ಲಿ ಸಾಕ್ಷಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಸ್ಟೆಪ್ನಿ ಕೇಳುವಷ್ಟೇ ಹಟದಿಂದ ಆ ಪುಸ್ತಕವನ್ನೂ ಕೇಳಿ ಪಡೆಯಿರಿ.

ಇನ್ನು ನಂಬರಿನ ವಿಷಯ. ಗೇರ್ ಎಣ್ಣೆಯ 90 ಎಂಬ ಅಂಕಿ ಎಂಜಿನ್ ಎಣ್ಣೆಯ 40ಕ್ಕಿಂತ ದುಪ್ಪಟ್ಟು ದಪ್ಪ ಎಂದು ತಿಳಿದವರು ಬಹಳ. ಎರಡೂ ಬೇರೆ ಬೇರೆ ಅಳತೆಪಟ್ಟಿಗಳು. 90ರ ಗೇರ್ ಎಣ್ಣೆ ಹೆಚ್ಚುಕಡಿಮೆ 40ರಿಂದ 50ರ ಎಂಜಿನ್ ಎಣ್ಣೆಯಷ್ಟೇ ದಪ್ಪವಿರುತ್ತದೆ. 75ಡಬ್ಲ್ಯೂ, 80ಡಬ್ಲ್ಯೂ, 85ಡಬ್ಲ್ಯೂ ಎಂಬ ಮೊದಲ ಅಂಕಿಗಳು ಚಳಿಯ ಲೆಕ್ಕ: ಎಣ್ಣೆ ಕ್ರಮವಾಗಿ ಸೊನ್ನೆಗಿಂತ ಕೆಳಗೆ 40, 26 ಮತ್ತು 12 ಡಿಗ್ರಿಯಲ್ಲೂ ಹರಿಯಬಲ್ಲದೆಂಬ ಖಾತರಿ. ಬೀದರಿನ ಧನುರ್ಮಾಸದ ಬೆಳಗಿನ ಚಳಿಗೂ ಈ ಯಾವ ಅಂಕಿಗೂ ಸಂಬಂಧವಿಲ್ಲ. ಕೈಪಿಡಿ 75ಡಬ್ಲ್ಯೂ-90, 80ಡಬ್ಲ್ಯೂ-90 ಎರಡಕ್ಕೂ ಒಪ್ಪಿದ್ದರೆ, ಚಳಿಯ ಕಾರಣ ಹೇಳಿ 75ಡಬ್ಲ್ಯೂ-90ಗೆ ಹೆಚ್ಚಿನ ಹಣ ಕೇಳುವವರ ವಾದಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಆ ದರ್ಜೆಯ ಎಣ್ಣೆ ಹೆಚ್ಚಾಗಿ ಸಿಂಥೆಟಿಕ್ ಆಗಿರುವುದರಿಂದ ಕಾವಿಗೆ ಬೇಗ ಕೆಡುವುದಿಲ್ಲ ಎಂಬ ಕಾರಣಕ್ಕೆ ಕೊಳ್ಳುವುದಾದರೆ ನನ್ನ ತಕರಾರಿಲ್ಲ.

ಇದರ ಇನ್ನೊಂದು ತುದಿಯಲ್ಲಿ “ನಮ್ ಕಡೆ ಬಿಸ್ಲು ಭಾಳ್ರಿ, ನೂರಾ ನಲವತ್ತು ಹಾಕ್ರಿ” ಎನ್ನುವ ಉಸ್ತಾದರಿದ್ದಾರೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ನಿಜ. ಆದರೆ ಡಿಫರೆನ್ಷಿಯಲ್ ಎಣ್ಣೆಯನ್ನು ಕಾಯಿಸುವುದು ಮುಖ್ಯವಾಗಿ ಹಲ್ಲುಗಳ ತಿಕ್ಕಾಟ ಮತ್ತು ಹೊತ್ತ ಭಾರ. ಹೊರಗಿನ ಬಿಸಿಲು ಅದರ ಮೇಲೆ ಹತ್ತೋ ಹದಿನೈದೋ ಡಿಗ್ರಿ ಸೇರಿಸೀತು. 100 ಡಿಗ್ರಿ ಕಾವಿನಲ್ಲಿ 90ರ ಎಣ್ಣೆಯ ದಪ್ಪ 13.5ರಿಂದ 18.5 ಸೆಂಟಿಸ್ಟೋಕ್ಸ್ ಒಳಗಿರಬೇಕು, 140ರದ್ದು 24ರಿಂದ 32.5. ಅಷ್ಟು ದಪ್ಪದ ಎಣ್ಣೆಯನ್ನು ಕಡೆಯುವುದರಿಂದಲೇ ಹೆಚ್ಚಿನ ಕಾವು ಹುಟ್ಟುತ್ತದೆ, ಪ್ಲೇಟುಗಳ ನಡುವಿನಿಂದ ಅದು ಬೇಗ ಜಾರಿಹೋಗುವುದೂ ಇಲ್ಲ. ಸದಾ ಭಾರ ಎಳೆಯುವ ಗಾಡಿಗೆ ಕಂಪನಿಯೇ 85ಡಬ್ಲ್ಯೂ-140 ಬರೆದಿದ್ದರೆ ಹಾಕಿ, ಬಿಸಿಲೊಂದನ್ನೇ ನೆಪಮಾಡಿ ಹಾಕಬೇಡಿ.

ಪ್ಲೇಟಿಗೆ ಒಗ್ಗುವ ಎಣ್ಣೆಯೇ ಬೇಕೆಂಬ ಈ ಮಾತು ಕಾರಿನವರಿಗೆ ಹೊಸದೆನಿಸಬಹುದು, ಟ್ರ್ಯಾಕ್ಟರ್ ಇರುವ ರೈತರಿಗೆ ಅಲ್ಲ. ಆಯಿಲ್ ಬ್ರೇಕ್ ಇರುವ ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ. ಬ್ರೇಕಿನ ಪ್ಲೇಟುಗಳು ಅದರಲ್ಲೇ ಮುಳುಗಿರುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಬರೀ ತೊಂಬತ್ತರ ಎಣ್ಣೆ ತುಂಬಿಸಿದ ಟ್ರ್ಯಾಕ್ಟರು ಬ್ರೇಕ್ ಒತ್ತಿದಾಗ ಕಿರುಚುತ್ತಾ ಅದುರುವುದನ್ನು ಜೇವರ್ಗಿ, ಅಫಜಲಪುರ ಕಡೆಯವರು ಕೇಳಿಯೇ ಇರುತ್ತಾರೆ. ಯುಟಿಟಿಒ ಎಂದು ಬರೆದ ಟ್ರ್ಯಾಕ್ಟರ್ ಎಣ್ಣೆಯಲ್ಲಿ ಪ್ಲೇಟಿನ ಘರ್ಷಣೆಗೆ ಬೇಕಾದ ಹದ ಇರುತ್ತದೆ. ಎಲ್‌ಎಸ್‌ಡಿಯ ನ್ಯಾಯವೂ ಇದೇ, ಎಣ್ಣೆ ಮಾತ್ರ ಬೇರೆ. ಒಂದನ್ನು ಇನ್ನೊಂದಕ್ಕೆ ಬಳಸುವಂತಿಲ್ಲ.

ಎಣ್ಣೆ ಬದಲಿಸುವಾಗ ನೀವೂ ಪಕ್ಕದಲ್ಲಿ ನಿಲ್ಲಿ. ಗಾಡಿ ಸ್ವಲ್ಪ ಓಡಿ ಬಿಸಿಯಾಗಿರಲಿ, ಸಮತಟ್ಟಾದ ಜಾಗದಲ್ಲಿರಲಿ. ಮೊದಲು ಮೇಲಿನ ಫಿಲ್ಲರ್ ಬೋಲ್ಟು ಬಿಚ್ಚಿಸಿ, ಆಮೇಲೆ ಕೆಳಗಿನದು; ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ ಎಣ್ಣೆ ಖಾಲಿಯಾದ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ. ಡ್ರೈನ್ ಬೋಲ್ಟಿಗೆ ಅಯಸ್ಕಾಂತವಿದ್ದರೆ ಅದರ ಮೇಲೆ ಬೂದುಬಣ್ಣದ ನುಣುಪಾದ ಲೇಪ ಕೂತಿರುತ್ತದೆ. ಬೆರಳಿಗೆ ಹಚ್ಚಿ ಉಜ್ಜಿದಾಗ ವಿಭೂತಿಯಷ್ಟು ನಯವಾಗಿದ್ದರೆ ಅದು ಸಹಜ ಸವೆತ. ಚುಚ್ಚುವ ಚೂರು ಸಿಕ್ಕರೆ ಎಣ್ಣೆಯ ಚರ್ಚೆ ನಿಲ್ಲಿಸಿ ಹೌಸಿಂಗ್ ಬಿಚ್ಚಿಸಬೇಕು. ಗಂಧಕದ ಘಾಟಿಗೆ ಹೆದರಬೇಡಿ, ಅದು ಈ ಎಣ್ಣೆಯ ಗುಣವೇ. ಆ ಗಂಧಕದಿಂದಾಗಿಯೇ ಉಳಿದ ಜಿಎಲ್-5 ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಸುರಿಯಬಾರದು, ಒಳಗಿನ ಹಿತ್ತಾಳೆ ರಿಂಗುಗಳು ಹಾಳಾದಾವು.

ಎಣ್ಣೆ ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಭೀಮಾ, ಕಾಗಿಣಾ ತುಂಬಿದಾಗ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುವುದು ನಮ್ಮಲ್ಲಿ ವರ್ಷವೂ ಕಾಣುವ ಸಂಗತಿ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲೆಂದು ಇಟ್ಟಿರುವ ಬ್ರೀದರ್ ಕೊಳವೆಯಿಂದಲೋ ಹಳೆಯ ಸೀಲಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇಂಥ ಗಾಡಿಯ ಎಣ್ಣೆ ಬದಲಿಸಲು ಕಿಲೋಮೀಟರ್ ಲೆಕ್ಕ ಹಿಡಿದು ಕಾಯಬಾರದು.

ಹೊಸ ಎಣ್ಣೆ ಹಾಕಿದ ಮೇಲೆ ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಕೆಲವು ಸುತ್ತು ಹಾಕಿ, ಎಣ್ಣೆ ಪ್ಲೇಟುಗಳ ನಡುವೆ ಇಳಿಯಲಿ. ಪ್ಲೇಟಿನ ಎಲ್‌ಎಸ್‌ಡಿಯಲ್ಲಿ ಆಮೇಲೂ ಅದುರು ಉಳಿದರೆ, ಕೈಪಿಡಿಯಲ್ಲಿ ಅನುಮತಿಯಿದ್ದರೆ ಮಾತ್ರ ಮಾಡಿಫೈಯರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಪ್ರತಿ ಸಲವೂ ಓಡಿಸಿ ನೋಡಿ. ಎಲ್‌ಎಸ್ ಎಣ್ಣೆಯಲ್ಲಿ ಅದು ಮೊದಲೇ ಬೆರೆತಿರುವುದರಿಂದ ಇಡೀ ಬಾಟಲಿ ಸುರಿಯುವ ಆತುರ ಬೇಡ. ಅಷ್ಟಕ್ಕೂ ಅದುರು ನಿಲ್ಲದಿದ್ದರೆ ಪ್ಲೇಟುಗಳು ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಹೊಸ ಪ್ಲೇಟು ಹಾಕಿಸಬೇಕೇ ಹೊರತು ಎಷ್ಟು ದುಬಾರಿ ಎಣ್ಣೆ ತಂದರೂ ಪ್ರಯೋಜನವಿಲ್ಲ.