ರಾಯಲ್ ಏರ್ ಫೋರ್ಸ್ ಹುಟ್ಟದೇ ಹೋಗಿದ್ದರೆ

ಸಭಿಕರಿಗೆ ನಮಸ್ಕಾರ.

1918ರ ಏಪ್ರಿಲ್ 1ರಂದು ಭೂಸೇನೆಯ ರಾಯಲ್ ಫ್ಲೈಯಿಂಗ್ ಕೋರ್ ಮತ್ತು ನೌಕಾಪಡೆಯ ರಾಯಲ್ ನೇವಲ್ ಏರ್ ಸರ್ವಿಸ್ ವಿಲೀನಗೊಂಡು ರಾಯಲ್ ಏರ್ ಫೋರ್ಸ್ ಹುಟ್ಟಿತು. ಆ ವಿಲೀನ ನಡೆಯದಿದ್ದರೆ ಬ್ರಿಟನ್ನಿನ ವಾಯುಬಲ ಯಾವ ಹಾದಿ ಹಿಡಿಯುತ್ತಿತ್ತು ಎಂಬುದು ಇಂದಿನ ವಿಷಯ. ಇಂಥ ಊಹೆಗೆ ಲಗಾಮು ಬೇಕಾದ್ದರಿಂದ, ಅಂದಿನವರ ಮುಂದೆ ನಿಜವಾಗಿ ಇದ್ದ ಆಯ್ಕೆಗಳನ್ನು ದಾಟಿ ನಾನು ಹೋಗುವುದಿಲ್ಲ.

1917ರ ಜೂನ್ 13ರಂದು ಜರ್ಮನಿಯ ಗೋಥಾ ಬಾಂಬರ್‌ಗಳು ಹಾಡಹಗಲಲ್ಲೇ ಲಂಡನ್ನಿನ ಮೇಲೆ ಎರಗಿದವು. ಸತ್ತವರು 162 ಮಂದಿ. ಅವರಲ್ಲಿ 18 ಮಕ್ಕಳು ಪಾಪ್ಲರ್ ಬಡಾವಣೆಯ ಒಂದೇ ಶಾಲೆಯವರು, ಹೆಚ್ಚಿನವರಿಗೆ ಐದಾರು ವರ್ಷ. ಜನರ ಆಕ್ರೋಶಕ್ಕೆ ಉತ್ತರ ಕೊಡಬೇಕಾಗಿ ಬಂದ ಲಾಯ್ಡ್ ಜಾರ್ಜ್ ಸರ್ಕಾರ ಆ ಹೊಣೆಯನ್ನು ಯುದ್ಧ ಸಂಪುಟದಲ್ಲಿದ್ದ ದಕ್ಷಿಣ ಆಫ್ರಿಕಾದ ಜನರಲ್ ಸ್ಮಟ್ಸ್‌ಗೆ ವಹಿಸಿತು. ಆಗಸ್ಟ್‌ನಲ್ಲಿ ಸ್ವತಂತ್ರ ವಾಯುಪಡೆಯನ್ನು ಶಿಫಾರಸು ಮಾಡಿದ ಅವರ ವರದಿ, 1918ರ ಹೊತ್ತಿಗೆ ಭೂಸೇನೆ ಮತ್ತು ನೌಕಾಪಡೆಯ ಅಗತ್ಯ ತೀರಿಯೂ ಹೇರಳ ವಿಮಾನಗಳು ಮಿಗುತ್ತವೆ ಎಂಬ ಲೆಕ್ಕವನ್ನು ನೆಚ್ಚಿಕೊಂಡಿತ್ತು. ಆ ಲೆಕ್ಕ ಮುಂದೆ ಹುಸಿಯಾಯಿತು. ನಂತರ ಈ ಪಡೆಯ ಪಿತಾಮಹನೆನಿಸಿಕೊಂಡ ಟ್ರೆಂಚರ್ಡ್ ಕೂಡ ಆಗ ಬೇರ್ಪಡುವುದನ್ನು ಒಪ್ಪಿರಲಿಲ್ಲ. ಹೀಗಾಗಿ ಸಚಿವ ಸಂಪುಟ ಆ ಲೆಕ್ಕವನ್ನು ಕೆದಕಿ ನೋಡಿ ವರದಿಯನ್ನು ಬದಿಗಿಟ್ಟಿತೆಂದು ಭಾವಿಸೋಣ.

ಮೊದಲ ಲಾಭ ನೌಕಾಪಡೆಗೆ. 1918ರ ಜುಲೈ 19ರಂದು ಫ್ಯೂರಿಯಸ್ ಹಡಗಿನಿಂದ ಹೊರಟ ಏಳು ಕ್ಯಾಮೆಲ್ ವಿಮಾನಗಳು ಜರ್ಮನಿಯ ಟೋಂಡರ್ನ್‌ನಲ್ಲಿದ್ದ ಜೆಪ್ಪೆಲಿನ್ ವಾಯುನೌಕೆಗಳ ನೆಲೆಯನ್ನು ಸುಟ್ಟಿದ್ದವು. ಸಮುದ್ರದಿಂದ ಹಾರಿ ದಾಳಿ ಮಾಡುವ ವಿದ್ಯೆಯಲ್ಲಿ ಬ್ರಿಟನ್ನೇ ಆಗ ಮುಂದಿತ್ತು. ಆದರೆ ಅದನ್ನು ಬಲ್ಲ ವೈಮಾನಿಕರು ಆಗಲೇ ಹೊಸ ಪಡೆಗೆ ಸೇರಿಹೋಗಿದ್ದರು. ಹಡಗು ಒಬ್ಬರದು, ವಿಮಾನ ಇನ್ನೊಬ್ಬರದು ಎಂಬ ಏರ್ಪಾಡು ಹಡಗಿನ ವಿಮಾನಗಳನ್ನು ನೌಕಾಪಡೆಗೆ ಮರಳಿಸಲು ಸಚಿವ ಇನ್‌ಸ್ಕಿಪ್ 1937ರಲ್ಲಿ ಕೊಟ್ಟ ತೀರ್ಮಾನದವರೆಗೂ ಎಳೆದಾಡಿ, 1939ರ ಮೇನಲ್ಲಷ್ಟೇ ಪೂರ್ಣ ಹಸ್ತಾಂತರ ಮುಗಿಯಿತು. ನೌಕಾಪಡೆಯ ಸ್ವಂತ ವೈಮಾನಿಕರನ್ನು ಕಳೆದುಕೊಂಡ ಬ್ರಿಟನ್ನಿನಿಂದಲೇ 1921ರಲ್ಲಿ ಸೆಂಪಿಲ್ ನಿಯೋಗ ಜಪಾನಿಗೆ ಹೋಗಿ ಅಲ್ಲಿನ ನೌಕಾಪಡೆಗೆ ಹಾರಾಟ ಕಲಿಸಿತೆಂಬುದು ಇತಿಹಾಸದ ಕುಚೋದ್ಯ. ವಿಲೀನವಿಲ್ಲದಿದ್ದರೆ ಯುದ್ಧಾರಂಭದಲ್ಲಿ ಸ್ವೋರ್ಡ್‌ಫಿಶ್‌ನಂಥ ಎರಡು ಜೋಡಿ ರೆಕ್ಕೆಯ ವಿಮಾನಕ್ಕಿಂತ ಉತ್ತಮವಾದದ್ದು ಇರುತ್ತಿತ್ತೇನೋ. ಆದರೂ ಹಿರಿಯ ಅಡ್ಮಿರಲ್‌ಗಳ ಒಲವು ದೊಡ್ಡ ಫಿರಂಗಿಗಳ ಕಡೆಗಿತ್ತಾದ್ದರಿಂದ, ಕೊರತೆಯ ವರ್ಷಗಳಲ್ಲಿ ವಿಮಾನಗಳಿಗೆ ಎಷ್ಟು ಹಣ ದಕ್ಕುತ್ತಿತ್ತೆಂದು ನನಗೆ ಅನುಮಾನವಿದೆ.

ನಷ್ಟದ ಬಾಬ್ತು 1940, ಜರ್ಮನ್ ವಿಮಾನಗಳು ಬ್ರಿಟನ್ನಿನ ಮೇಲೆ ಎರಗಿದ ವರ್ಷ. ರಾಡಾರ್, ದೂರವಾಣಿ, ಕಾರ್ಯಾಚರಣಾ ಕೊಠಡಿಗಳನ್ನು ಹೆಣೆದ ರಕ್ಷಣಾ ಜಾಲ ಸ್ವತಂತ್ರ ಪಡೆಯಿಂದಷ್ಟೇ ಸಾಧ್ಯವಿತ್ತೆಂದು ಹೇಳುವುದು ವಾಡಿಕೆ. ನಾನು ಅದನ್ನು ಒಪ್ಪುವುದಿಲ್ಲ. ವೀಕ್ಷಕರ ವರದಿಗಳನ್ನು ದೂರವಾಣಿಯಲ್ಲಿ ತರಿಸಿ, ದೊಡ್ಡ ನಕ್ಷೆಯ ಮೇಲೆ ಬಿಲ್ಲೆಗಳನ್ನು ಸರಿಸುತ್ತ ದಾಳಿಯ ದಾರಿ ಗುರುತಿಸುವ ಕ್ರಮವನ್ನು 1918ರಲ್ಲೇ ಲಂಡನ್ನಿನಲ್ಲಿ ರೂಪಿಸಿದವರು ಜನರಲ್ ಆಶ್‌ಮೋರ್, ಮೂಲತಃ ಭೂಸೇನೆಯ ಫಿರಂಗಿದಳದವರು. ಬಾಂಬರ್‌ಗಳನ್ನೇ ನಂಬಿದ್ದ ವಾಯು ಸಚಿವಾಲಯವನ್ನು 1937ರ ಡಿಸೆಂಬರ್‌ನಲ್ಲಿ ಫೈಟರ್‌ಗಳ ಕಡೆಗೆ ತಿರುಗಿಸಿದವರೂ ವೈಮಾನಿಕರಲ್ಲ, ಅದೇ ಸಚಿವ ಇನ್‌ಸ್ಕಿಪ್.

ಸ್ವತಂತ್ರ ಪಡೆ ನಿಜವಾಗಿ ಕೊಟ್ಟದ್ದು, ಆಗದು ಎನ್ನಬಲ್ಲ ಒಬ್ಬ ಅಧಿಕಾರಿಯನ್ನು. ಫ್ರಾನ್ಸ್ ಕುಸಿಯುತ್ತಿದ್ದಾಗ, 1940ರ ಮೇ 16ರಂದು, ಫೈಟರ್ ಪಡೆಯ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಡೌಡಿಂಗ್ ವಾಯು ಸಚಿವಾಲಯಕ್ಕೆ ಪತ್ರ ಬರೆದರು: ದೇಶರಕ್ಷಣೆಗೆ 52 ಸ್ಕ್ವಾಡ್ರನ್ ಬೇಕೆಂದು ಲೆಕ್ಕಹಾಕಲಾಗಿತ್ತು, ಈಗ ಉಳಿದಿರುವುದು 36ಕ್ಕೆ ಸಮಾನವಾದ ಬಲ, ಎಷ್ಟು ಉಳಿಸಿಕೊಳ್ಳಬೇಕೆಂದು ಈಗಲೇ ನಿರ್ಧರಿಸಿ, ಆ ಮಿತಿ ಮುಟ್ಟಿದ ಮೇಲೆ ಒಂದು ಫೈಟರ್ ಕೂಡ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿಗೆ ಹೋಗಬಾರದು. ಅವರ ಜಾಗದಲ್ಲಿ ಭೂಸೇನೆಯ ಒಬ್ಬ ಜನರಲ್ ಇದ್ದಿದ್ದರೆ ಅವರು ಕೈಕೆಳಗಿರುತ್ತಿದ್ದುದು ಯುದ್ಧ ಕಚೇರಿಗೆ, ಆ ಕಚೇರಿಯ ಮುಖ್ಯ ಸೈನ್ಯ ಫ್ರಾನ್ಸಿನಲ್ಲಿ ಸುತ್ತುವರಿಯಲ್ಪಡುತ್ತಿತ್ತು. ತನ್ನದೇ ಸೈನಿಕರ ತಲೆಯ ಮೇಲಿನ ರಕ್ಷಣೆಯನ್ನು ನಿರಾಕರಿಸಲು ಆ ಕಚೇರಿಗೆ ಮನಸ್ಸು ಬರುತ್ತಿತ್ತೆ? ಜುಲೈ ಹೊತ್ತಿಗೆ ಇಂಗ್ಲೆಂಡಿನಲ್ಲಿ ಫೈಟರ್‌ಗಳೇ ಸಾಲದಾಗುತ್ತಿದ್ದವೆಂದು ನನ್ನ ಅಂದಾಜು.

ನಗರಗಳ ಮೇಲಿನ ಬಾಂಬ್ ದಾಳಿ ಮಾತ್ರ ಬಹುಶಃ ತಪ್ಪುತ್ತಿರಲಿಲ್ಲ. 1947ರ ಸೆಪ್ಟೆಂಬರ್‌ವರೆಗೆ ಸೇನೆಯ ಅಂಗವಾಗಿದ್ದ ಅಮೆರಿಕದ ವಾಯುಬಲವೂ ಅದನ್ನು ಮಾಡಿತು.

ಭಾರತದ ಮಾತು ಒಂದಿಷ್ಟು. 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದ ನಮ್ಮ ವಾಯುಪಡೆ ರಾಯಲ್ ಏರ್ ಫೋರ್ಸ್‌ನ ಅಚ್ಚಿನಲ್ಲೇ ರೂಪುಗೊಂಡಿತು, ಅದರ ಮೊದಲ ವಾಪಿಟಿ ವಿಮಾನಗಳು ಮಾಡಿದ್ದು ವಾಯವ್ಯ ಗಡಿಯಲ್ಲಿ ಭೂಸೇನೆಗೆ ನೆರವಾಗುವ ಕೆಲಸವಾದರೂ. ಲಂಡನ್ನಿನಲ್ಲಿ ಪ್ರತ್ಯೇಕ ಪಡೆಯೇ ಇರದಿದ್ದರೆ ನಮ್ಮ ವೈಮಾನಿಕರು ಭಾರತೀಯ ಸೇನೆಯ ಒಂದು ದಳವಾಗಿರುತ್ತಿದ್ದರು. 1947ರ ವಿಭಜನೆಯಲ್ಲಿ ಫಿರಂಗಿದಳದಂತೆಯೇ ಹಂಚಿಹೋಗಿ, ಸ್ವತಂತ್ರ ಪಡೆಯಾಗುವ ವಾದವನ್ನು ದೆಹಲಿಯಲ್ಲಿ ಮೊದಲಿನಿಂದ ಹೂಡಬೇಕಾಗುತ್ತಿತ್ತು.