ಕ್ಯಾಮೆರಾ ಯಾವುದಾದರೂ ಇರಲಿ, ಮೊದಲು ಬೆಳಕು ನೋಡಿ

ನಮಸ್ಕಾರ. ಮೇಜಿನ ಮೇಲೆ ಎರಡು ಕ್ಯಾಮೆರಾ ಕಾಣುತ್ತಿವೆ ಅಲ್ವಾ? ಒಂದು ನನ್ನ ಫೋನು. ಇನ್ನೊಂದು ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ, ಹಳೆಯ ಡಿಎಸ್‌ಎಲ್‌ಆರ್. ಅದರ ಹಿಡಿಯ ರಬ್ಬರ್ ಒಂದು ಕಡೆ ಎದ್ದು ಬಂದಿದೆ, ಆದರೂ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಇವತ್ತಿನ ವಿಡಿಯೋದಲ್ಲಿ ಎರಡರಲ್ಲೂ ಫೋಟೋ ತೆಗೆಯೋಣ.

ಫೋಟೋ ಕಲಿಯಬೇಕು ಅಂದವರೆಲ್ಲ ಮೊದಲು ಕೇಳುವುದು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ಈಗ ಕೈಯಲ್ಲಿ ಏನಿದೆಯೋ ಅದೇ ಸಾಕು. ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡಿ. ಆರಿಂಚು ಅಗಲ, ನಾಲ್ಕಿಂಚು ಎತ್ತರದ ಪ್ರಿಂಟ್ ಹಾಕಿಸಬೇಕು ಅಂದುಕೊಳ್ಳಿ. ಇಂಚಿಗೆ 300 ಚುಕ್ಕಿ ಅಂತ ಹಿಡಿದರೂ 1800 ಇಂಟು 1200. ಹತ್ತು ಲಕ್ಷ ಚುಕ್ಕಿಗೆ ಒಂದು ಮೆಗಾಪಿಕ್ಸೆಲ್, ಅಂದರೆ ಇದು ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ. 12 ಮೆಗಾಪಿಕ್ಸೆಲ್ ಇದ್ದರೆ 13 ಇಂಚು ಅಗಲದ ಪ್ರಿಂಟ್ ಆರಾಮಾಗಿ ಬರುತ್ತದೆ. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 0.01 ಮೆಗಾಪಿಕ್ಸೆಲ್. ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಬೇಕಿತ್ತು. ಅಲ್ಲಿಂದ ಎಲ್ಲಿಗೆ ಬಂದಿದ್ದೇವೆ ನೋಡಿ. ಇನ್ನೂ ಮೆಗಾಪಿಕ್ಸೆಲ್ ಎಣಿಸುತ್ತಾ ಕೂರುವುದು ಬೇಡ.

ಲೆನ್ಸ್ ಒರೆಸುತ್ತಿದ್ದೇನೆ. ಫೋನ್ ಬಳಸುವವರಿಗೆ ಇದು ತುಂಬಾ ಮುಖ್ಯ. ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದರೆ ದೀಪಗಳಿಂದ ಉದ್ದುದ್ದ ಗೆರೆ ಹೊರಡುತ್ತದೆ, ಇಡೀ ಚಿತ್ರ ಮಬ್ಬಾಗುತ್ತದೆ.

ಈಗ ತಂಗಿ ಬಂದು ಕೂತಳು. "ಅಕ್ಕಾ, ನಗಬೇಕಾ?" ಅಂತ ಕೇಳುತ್ತಿದ್ದಾಳೆ. ಏನೂ ಬೇಡ, ಕಿಟಕಿ ಕಡೆ ಮುಖ ಮಾಡಿ ಕೂರು ಸಾಕು ಅಂದೆ. ಇಲ್ಲಿ ಗಮನಿಸಿ, ನಾನು ಎದ್ದು ಹೋಗಿ ರೂಮಿನ ಬಲ್ಬ್ ಆರಿಸಿದೆ. ಬೆಳಕು ಕಡಿಮೆ ಅಂತ ಎಲ್ಲರೂ ಬಲ್ಬ್ ಹಾಕುತ್ತಾರೆ, ನಾನು ಆರಿಸುತ್ತೇನೆ. ಹಳದಿ ಬಲ್ಬ್‌ನ ಬೆಳಕು ಸುಮಾರು 2700 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ), ಹಗಲಿನ ಬೆಳಕು 5500ರ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ಕೆನ್ನೆ ನೀಲಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಒಂದು ಬಣ್ಣ ಸರಿಹೋಗುತ್ತದೆ, ಇನ್ನೊಂದು ಕೆಡುತ್ತದೆ. ಒಂದೇ ಥರದ ಬೆಳಕು ಇರಲಿ, ಸ್ವಲ್ಪ ಕಡಿಮೆ ಇದ್ದರೂ ಪರವಾಗಿಲ್ಲ.

ಈಗ ಅವಳ ಮೂಗು ನೋಡಿ. ಎಡಗಡೆಯ ಫೋಟೋ ಫೋನನ್ನು ಮುಖದ ಹತ್ತಿರ ಹಿಡಿದು ತೆಗೆದದ್ದು, ಮೂಗು ದಪ್ಪ, ಕಿವಿ ಹಿಂದೆ ಸರಿದಿದೆ. ಬಲಗಡೆಯದು ಎರಡು ಹೆಜ್ಜೆ ಹಿಂದೆ ಹೋಗಿ, ಝೂಮ್ ಮಾಡಿ ತೆಗೆದದ್ದು. ಅದೇ ಮುಖ. ಲೆನ್ಸಿಗೆ ಮೂಗು ಎಷ್ಟು ಹತ್ತಿರ, ಕಿವಿ ಎಷ್ಟು ದೂರ ಅನ್ನುವುದರ ಮೇಲೆ ಈ ಆಕಾರ ನಿಂತಿದೆ. ದೂರ ಹೋದಾಗ ಆ ವ್ಯತ್ಯಾಸ ಸಣ್ಣದಾಗುತ್ತದೆ. ಡಿಜಿಟಲ್ ಝೂಮ್ ಮುಟ್ಟಲೇಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಅದು ಚಿತ್ರದ ಅಂಚು ಕತ್ತರಿಸಿ ನಡುವಿನದನ್ನು ಹಿಗ್ಗಿಸುತ್ತದೆ ಅಷ್ಟೇ. ಎರಡು ಪಟ್ಟು ಝೂಮ್ ಮಾಡಿದರೆ 12 ಮೆಗಾಪಿಕ್ಸೆಲ್‌ನಲ್ಲಿ 3 ಉಳಿಯುತ್ತದೆ. ಆದರೆ... ಮುಖದ ಫೋಟೋಗೆ ಬಿಟ್ಟುಕೊಡುತ್ತೇನೆ. ಮೂಗು ಕೆಡುವುದಕ್ಕಿಂತ 3 ಮೆಗಾಪಿಕ್ಸೆಲ್ ಮೇಲು. ಮುಖಕ್ಕೆ ಮಾತ್ರ. ದೂರದ ಹಕ್ಕಿಗೆ, ವೇದಿಕೆಗೆ ಬೇಡ.

ಸರಿ, ಈಗ ನನಗೆ ಯಾವಾಗಲೂ ಕಿರಿಕಿರಿ ಮಾಡುವ ವಿಷಯಕ್ಕೆ ಬರೋಣ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ದಯವಿಟ್ಟು ಮುಂದೆ ಓಡಿಸಬೇಡಿ.

ಇವಳು ಪುಟ್ಟಿ, ನಮ್ಮ ಮನೆಯ ಬಿಳಿ ಬೆಕ್ಕು. ಕೂತಿರುವುದು ಬಿಳಿ ಬೆಡ್‌ಶೀಟ್ ಮೇಲೆ, ಪಕ್ಕದಲ್ಲೇ ಕಿಟಕಿ. ಕಣ್ಣಿಗೆ ಎಷ್ಟು ಚೆನ್ನಾಗಿ ಕಾಣುತ್ತಿದೆ! ಕಿವಿಯ ಒಳಗಿನ ತೆಳು ಗುಲಾಬಿ, ಬೆಳಕಿಗೆ ಅಂಚು ಹೊಳೆಯುವ ಕೂದಲು, ಶೀಟಿನ ಮಡಿಕೆಗಳ ಸಣ್ಣ ನೆರಳು. ಈಗ ಕ್ಯಾಮೆರಾ ಆಟೋದಲ್ಲಿಟ್ಟು ತೆಗೆದದ್ದು ನೋಡಿ. ಬೂದಿಯಲ್ಲಿ ಹೊರಳಾಡಿ ಬಂದ ಬೆಕ್ಕಿನ ಹಾಗಿದೆ! ಶೀಟ್ ಕೂಡ ಒಗೆಯದ ಬಟ್ಟೆಯ ಥರ ಮಂಕಾಗಿದೆ.

ಕ್ಯಾಮೆರಾ ಕೆಟ್ಟಿಲ್ಲ. ತನಗೆ ಹೇಳಿಕೊಟ್ಟದ್ದನ್ನೇ ಅದು ಮಾಡಿದೆ. ಕ್ಯಾಮೆರಾದ ಮೀಟರ್‌ಗೆ ಎದುರಿಗಿರುವುದು ಬೆಕ್ಕೋ ಕಲ್ಲಿದ್ದಲೋ ಗೊತ್ತಿಲ್ಲ. ಎಷ್ಟು ಬೆಳಕು ಬರುತ್ತಿದೆ ಅನ್ನುವುದಷ್ಟೇ ಗೊತ್ತು. ಹಾಗಾಗಿ ಅದು ಒಂದು ಊಹೆ ಇಟ್ಟುಕೊಂಡಿದೆ. ಎದುರಿಗಿರುವ ದೃಶ್ಯ ಸರಾಸರಿ ಲೆಕ್ಕದಲ್ಲಿ ನಡುವಿನ ಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಸುಮಾರು 18 ಶೇಕಡಾ ವಾಪಸು ಕಳಿಸುವಂಥದ್ದು ಅಂತ. ಮರ, ರಸ್ತೆ, ಗೋಡೆ, ಜನ ಎಲ್ಲ ಬೆರೆತಿದ್ದರೆ ಈ ಊಹೆ ಸರಿಯಾಗಿ ಕೂರುತ್ತದೆ. ಬಿಳಿ ಬೆಕ್ಕು, ಬಿಳಿ ಶೀಟ್ ಬಂದರೆ ಮೀಟರ್, ಅಯ್ಯೋ ಬೆಳಕು ಜಾಸ್ತಿಯಾಯಿತು ಅಂತ ಕಡಿಮೆ ಮಾಡುತ್ತದೆ. ಬಿಳಿ ಬೂದಿಯಾಗುತ್ತದೆ. ಕಪ್ಪು ಕೊಡೆ ಇಟ್ಟರೆ ಉಲ್ಟಾ. ಬೆಳಕು ಸಾಲದು ಅಂತ ಜಾಸ್ತಿ ಮಾಡಿ, ಕಪ್ಪನ್ನೂ ಬೂದಿ ಮಾಡುತ್ತದೆ. ಈ ಎರಡು ಫೋಟೋ ಪಕ್ಕಪಕ್ಕ ಇಟ್ಟಿದ್ದೇನೆ. ಬೆಕ್ಕು, ಕೊಡೆ ಎರಡೂ ಒಂದೇ ಬಣ್ಣ!

ನನಗೆ ಬೇಜಾರಾಗುವುದು ಇಲ್ಲಿ. ಎಷ್ಟೋ ಜನ ಈ ಬೂದಿ ಬಣ್ಣ ನೋಡಿ, ನನ್ನ ಕ್ಯಾಮೆರಾ ಚೆನ್ನಾಗಿಲ್ಲ ಅಂತ ಹೊಸದು ತರುತ್ತಾರೆ. ಹೊಸದರಲ್ಲೂ ಮೀಟರ್ ಊಹೆಯ ಮೇಲೇ ನಡೆಯುವುದು. ಈಗಿನ ಫೋನುಗಳು ಮುಖ ಗುರುತಿಸುತ್ತವೆ, ದೃಶ್ಯ ಗುರುತಿಸುತ್ತವೆ, ಮೊದಲಿಗಿಂತ ಎಷ್ಟೋ ವಾಸಿ, ನಿಜ. ಆದರೂ ಹಿಮ, ಬಿಳಿ ಗೋಡೆ, ಬಿಳಿ ಬಟ್ಟೆ ತುಂಬಿಕೊಂಡರೆ ತಪ್ಪುತ್ತವೆ. ಸರಿಮಾಡುವುದಕ್ಕೆ ಒಂದು ಬೆರಳು ಸಾಕು. ಫೋನಿನಲ್ಲಿ ಬೆಕ್ಕಿನ ಮೇಲೆ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಇರುವ ಬಟನ್ ಹುಡುಕಿ. ಬಿಳಿಗೆ ಪ್ಲಸ್ ಒಂದರಿಂದ ಶುರು ಮಾಡಿ, ಬೇಕಾದರೆ ಒಂದೂವರೆ. ಕಪ್ಪಿಗೆ ಮೈನಸ್ ಒಂದು. ಬಿಳಿಗೆ ಬೆಳಕು ಏರಿಸುವುದು ಮೊದಮೊದಲು ಉಲ್ಟಾ ಅನ್ನಿಸುತ್ತದೆ. ಆದರೆ ನೀವು ಮೀಟರ್‌ಗೆ ಹೇಳುತ್ತಿರುವುದು ಇಷ್ಟೇ: ಇದು ನಿಜವಾಗಿಯೂ ಬಿಳಿ, ಬಿಳಿಯಾಗಿಯೇ ಬಿಡು.

ನೋಡಿ, ಪುಟ್ಟಿ ವಾಪಸು ಬಂದಳು. ಕಿವಿಯ ಗುಲಾಬಿಯೂ ಬಂತು.

ತೀರಾ ಏರಿಸಲೂ ಬಾರದು. ಕೂದಲಿನ ಎಳೆ ಎಳೆ ಕಾಣುವಷ್ಟರಲ್ಲಿ ನಿಲ್ಲಿಸಿ. ಒಮ್ಮೆ ಅಚ್ಚ ಬಿಳಿಯಾಗಿ ಹೋದ ಜಾಗದಲ್ಲಿ ಆಮೇಲೆ ಎಡಿಟ್ ಮಾಡಿ ತರಲು ಏನೂ ಉಳಿದಿರುವುದಿಲ್ಲ. ಕ್ಯಾಮೆರಾದಲ್ಲಿ ಹಿಸ್ಟೋಗ್ರಾಮ್ ಇದ್ದರೆ ಹಾಕಿಕೊಳ್ಳಿ, ಎಡಗಡೆ ಕಪ್ಪಿನಿಂದ ಬಲಗಡೆ ಬಿಳಿಯವರೆಗೆ ಚಿತ್ರದ ಬೆಳಕನ್ನು ಗುಡ್ಡದ ಹಾಗೆ ತೋರಿಸುವ ನಕ್ಷೆ ಅದು. ಆ ಗುಡ್ಡ ಬಲಗಡೆಯ ಗೋಡೆಗೆ ಒತ್ತಿ ನಿಂತಿದ್ದರೆ ಸ್ವಲ್ಪ ಇಳಿಸಿ.

ಅರೆ, ಇಲ್ಲಿ ಚಿತ್ರ ಇದ್ದಕ್ಕಿದ್ದ ಹಾಗೆ ಮಂಕಾಯಿತು ಅಲ್ವಾ? ಸೂರ್ಯನಿಗೆ ಮೋಡ ಅಡ್ಡ ಬಂತು. ಪುಟ್ಟಿಯೂ ಎದ್ದು ನಡೆದಳು. ಫೋಟೋದಲ್ಲಿ ತಲೆ ಸ್ಪಷ್ಟವಾಗಿದೆ, ಬಾಲ ಮಾತ್ರ ಹೊಗೆಯ ಥರ. ಬೆಳಕು ಕಡಿಮೆಯಾದ ತಕ್ಷಣ ಕ್ಯಾಮೆರಾ ಶಟರನ್ನು, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲಿನ ವೇಗವನ್ನು, ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಸಿದೆ. ಅಷ್ಟು ಹೊತ್ತು ಶಟರ್ ತೆರೆದಿದ್ದರೆ ಅಲುಗಿದ್ದೆಲ್ಲ ಬಳಿದ ಹಾಗೆ ಬರುತ್ತದೆ. 1826–27ರ ಹೊತ್ತಿಗೆ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತನ್ನ ಕಿಟಕಿಯಿಂದ ಹೊರಗಿನ ಕಟ್ಟಡಗಳ ಚಿತ್ರ ತೆಗೆದ. ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯದು ಅದೇ. ಗಂಟೆಗಟ್ಟಲೆ ಬೆಳಕು ಬಿಡಬೇಕಾಗಿತ್ತಂತೆ. ಆ ಹೊತ್ತಿನಲ್ಲಿ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿಬಿಟ್ಟಿದ್ದಾನೆ. ಅದಕ್ಕೇ ಆ ಚಿತ್ರದಲ್ಲಿ ಕಟ್ಟಡಗಳ ಎರಡೂ ಬದಿಗೆ ಬಿಸಿಲು ಬಿದ್ದಿದೆ! ನನಗೆ ಅದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಇಡೀ ಹಗಲೇ ಒಂದು ಚೌಕಟ್ಟಿನಲ್ಲಿ... ಅಯ್ಯೋ, ಶಾಟ್ ಮುಂದೆ ಹೋಗುತ್ತಿದೆ, ಬಾಲಕ್ಕೆ ಬರೋಣ.

ಎರಡು ಥರದ ಅಲುಗಾಟ ಇದೆ. ಒಂದು ನಿಮ್ಮ ಕೈಯದು. ಅದಕ್ಕೆ ಹಳೆಯ ಲೆಕ್ಕ ಇದೆ: ಲೆನ್ಸ್ ಮೇಲೆ ಬರೆದ ಫೋಕಲ್ ಲೆಂತ್ 50 ಎಂಎಂ ಇದ್ದರೆ ಶಟರ್ ಸೆಕೆಂಡಿನ 50ನೇ ಒಂದು ಭಾಗ, 200 ಎಂಎಂ ಇದ್ದರೆ 200ನೇ ಒಂದು ಭಾಗ. ಅದಕ್ಕಿಂತ ನಿಧಾನ ಬೇಡ. ಲೆನ್ಸ್‌ನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ಸ್ವಲ್ಪ ಇಳಿಸಬಹುದು. ಇನ್ನೊಂದು ಎದುರಿಗಿರುವವರ ಅಲುಗಾಟ. ಅದನ್ನು ಯಾವ ವ್ಯವಸ್ಥೆಯೂ ತಡೆಯುವುದಿಲ್ಲ, ವೇಗದ ಶಟರ್ ಒಂದೇ ದಾರಿ. ನಡೆಯುವ ಬೆಕ್ಕು, ಆಡುವ ಮಗುವಿಗೆ 250ನೇ ಒಂದು ಭಾಗದಿಂದ ಶುರು ಮಾಡಿ. ಓಡುತ್ತಿದ್ದರೆ 500, 1000.

ಶಟರ್ ವೇಗ ಮಾಡಿದರೆ ಚಿತ್ರ ಕಪ್ಪಾಗುತ್ತದೆ. ಆಗ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ, ಅದನ್ನು ಏರಿಸಿ. 1600, 3200, ಹೆದರಬೇಡಿ. ಕಾಳು ಕಾಳು ಬರುತ್ತದೆ ಅಂತ ಐಎಸ್‌ಒ 100ರಲ್ಲೇ ಕಟ್ಟಿಹಾಕಿಕೊಂಡು ಕೂರುವವರನ್ನು ಕಂಡರೆ ನನಗೆ ಸಂಕಟ. ಕಾಳು ಬಂದ ಫೋಟೋ ಆಲ್ಬಂ ಸೇರುತ್ತದೆ. ಮಗುವಿನ ಮುಖವೇ ಕಲೆಸಿಹೋದ ಫೋಟೋ ಯಾರಿಗೂ ಬೇಡ.

ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ತೂತು, ಅದನ್ನು ಬೇಗ ಹೇಳಿಬಿಡುತ್ತೇನೆ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು. 50 ಎಂಎಂ ಲೆನ್ಸಿನಲ್ಲಿ ಎಫ್ 2 ಅಂದರೆ 50 ಭಾಗಿಸು 2, ಅಂದರೆ 25 ಮಿಲಿಮೀಟರ್ ತೂತು. ಎಫ್ 4 ಅಂದರೆ ಹನ್ನೆರಡೂವರೆ. ಅಗಲ ಅರ್ಧ ಆಯಿತು, ಬೆಳಕು ಕಾಲು ಭಾಗಕ್ಕೆ ಇಳಿಯಿತು. ತೂತು ದೊಡ್ಡದಿದ್ದರೆ ಹಿನ್ನೆಲೆ ಮಸುಕಾಗುತ್ತದೆ. ಹೆಚ್ಚಿನ ಫೋನುಗಳಲ್ಲಿ ಇದನ್ನು ಬದಲಿಸಲು ಬರುವುದಿಲ್ಲ, ಹಾಗಾಗಿ ಫೋನಿನವರು ಶಟರ್, ಐಎಸ್‌ಒ ಎರಡನ್ನು ನೋಡಿಕೊಂಡರೆ ಆಯಿತು.

ಹೊರಗೆ ಬಂದೆವು. ನಡು ಮಧ್ಯಾಹ್ನ. ಈ ಹೊತ್ತಿನಲ್ಲಿ ಮುಖದ ಫೋಟೋ ತೆಗೆಯಲೇಬೇಡಿ. ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಕಪ್ಪು ನೆರಳು. ಕಾಯಿರಿ, ಸಂಜೆ ತೆಗೆಯಿರಿ. ಇಲ್ಲ, ಒಂದು ನಿಮಿಷ, ಈ ಬಾಗಿಲು ಇದೆಯಲ್ಲ? ತಂಗೀ, ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ನಿಲ್ಲು. ಮುಖ ಹೊರಗೆ. ಹಾಂ. ನೋಡಿ! ತಲೆಯ ಮೇಲೆ ಬಿಸಿಲಿಲ್ಲ, ಎದುರಿನ ಆಕಾಶದ ಬೆಳಕು ಮಾತ್ರ ಮುಖಕ್ಕೆ ಬೀಳುತ್ತಿದೆ. ಹಿಂದಿನ ರೂಮು ತಾನಾಗಿಯೇ ಕತ್ತಲಾಯಿತು. ಕಣ್ಣಿನಲ್ಲಿ ಬಾಗಿಲಿನ ಆಕಾರವೇ ಹೊಳೆಯುತ್ತಿದೆ, ಝೂಮ್ ಮಾಡಿ ತೋರಿಸುತ್ತೇನೆ. ಹಾಗಾದರೆ ಮಧ್ಯಾಹ್ನವೂ ತೆಗೆಯಬಹುದು. ಬಾಗಿಲು ಬೇಕು ಅಷ್ಟೇ.

ಬಿಸಿಲಿನಲ್ಲಿ ಜಾಗಗಳ ಫೋಟೋ ತೆಗೆಯುವುದಾದರೆ ಫಿಲ್ಮ್ ಕಾಲದ ಒಂದು ಲೆಕ್ಕ ಇವತ್ತಿಗೂ ನಡೆಯುತ್ತದೆ. ಅಪರ್ಚರ್ ಎಫ್ 16, ಐಎಸ್‌ಒ 100 ಇದ್ದರೆ ಶಟರ್ 100ನೇ ಒಂದು ಭಾಗ. ಐಎಸ್‌ಒ 200 ಇದ್ದರೆ 200ನೇ ಒಂದು ಭಾಗ. ಸುಡು ಬಿಸಿಲಿಗೆ ಮೀಟರ್ ಇಲ್ಲದೆಯೂ ಸರಿಯಾಗಿ ಬರುತ್ತದೆ.

ತೆರೆಯ ಮೇಲಿನ ಗೆರೆಗಳ ಬಗ್ಗೆ ಹೇಳಬೇಕು. ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲಿಡಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. 1797ರಲ್ಲೇ ಜಾನ್ ಥಾಮಸ್ ಸ್ಮಿತ್ ಅನ್ನುವ ಇಂಗ್ಲಿಷ್ ಚಿತ್ರಕಾರ ಇದನ್ನು ಬರೆದಿದ್ದಾನೆ, ಆಗ ಕ್ಯಾಮೆರಾ ಫೋಟೋ ಅನ್ನುವುದೇ ಇರಲಿಲ್ಲ. ನನ್ನ ಪ್ರಕಾರ ಇದಕ್ಕೆ ಇಷ್ಟು ಮರ್ಯಾದೆ ಬೇಡ. ನೇರ ನೋಡುವ ಮುಖ ನಡುವೆಯೇ ಚೆನ್ನ. ಗೆರೆಗಳನ್ನು ಮಾತ್ರ ಆನ್ ಮಾಡಿಡಿ. ದಿಗಂತ, ಬಾಗಿಲು, ಕಂಬ ವಾಲಿದೆಯಾ ಅಂತ ತಕ್ಷಣ ಗೊತ್ತಾಗುತ್ತದೆ. ಒತ್ತುವ ಮೊದಲು ಕಣ್ಣನ್ನು ಫ್ರೇಮಿನ ನಾಲ್ಕೂ ಅಂಚಿಗೆ ಒಮ್ಮೆ ಓಡಿಸಿ. ಅರ್ಧ ಕತ್ತರಿಸಿದ ಕೈ, ಮೂಲೆಯ ಪ್ಲಾಸ್ಟಿಕ್ ಬಕೆಟ್, ತಲೆಯ ಹಿಂದೆ ನಿಂತ ಕಂಬ, ಎಲ್ಲ ಅಲ್ಲೇ ಸಿಗುತ್ತವೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹೋಗುತ್ತವೆ.

ಮಕ್ಕಳು, ಪ್ರಾಣಿಗಳಿದ್ದರೆ ನೆಲಕ್ಕೆ ಕೂತುಬಿಡಿ. ನಾನು ಈಗ ಹೊಟ್ಟೆಯ ಮೇಲೆ ಮಲಗಿದ್ದೇನೆ, ಪುಟ್ಟಿಯ ಕಣ್ಣಿನ ಎತ್ತರಕ್ಕೆ. ಫೋಕಸ್ ಹತ್ತಿರದ ಕಣ್ಣಿನ ಮೇಲೆ.

ಇದು ರಾತ್ರಿಯ ಶಾಟ್. ಚಂದ್ರ ಕಪ್ಪು ಆಕಾಶದಲ್ಲಿ ಬಿಳಿ ಬಿಲ್ಲೆಯಾಗಿ ಬಂದಿದ್ದಾನೆ. ಅದೇ ಮೀಟರ್, ಅದೇ ಊಹೆ. ಫ್ರೇಮ್ ತುಂಬಾ ಕಪ್ಪಿದೆ ಅಂತ ಬೆಳಕು ಏರಿಸಿದೆ. ಆದರೆ ಚಂದ್ರನ ಮೇಲೆ ಬಿದ್ದಿರುವುದು ಬಿಸಿಲು, ಅಲ್ಲಿ ಈಗ ಹಗಲು. ಹಾಗಾಗಿ ಹುಣ್ಣಿಮೆ ಚಂದ್ರನಿಗೆ ಬಿಸಿಲಿನ ಲೆಕ್ಕವೇ ಸ್ವಲ್ಪ ಬದಲಾಗಿ ಬರುತ್ತದೆ: ಎಫ್ 11, ಐಎಸ್‌ಒ 100, ಶಟರ್ 100ನೇ ಒಂದು ಭಾಗ. ಫೋನಿನಲ್ಲಿ ಚಂದ್ರನ ಮೇಲೆ ಒತ್ತಿ ಹಿಡಿದು, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಕಲೆಗಳು ಕಾಣಿಸಿದವಾ? ಟ್ರೈಪಾಡ್ ಇಲ್ಲದಿದ್ದರೆ ಕಾಂಪೌಂಡ್ ಗೋಡೆಗೆ ಒರಗಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ, ಕೈ ತೆಗೆಯಿರಿ.

ಇನ್ನು ಕೊನೆಯ ಕೆಲಸ, ಕಂಪ್ಯೂಟರ್ ಮುಂದೆ. ಚಿಕ್ಕ ತೆರೆಯಲ್ಲಿ ನೋಡಿ ಅಲ್ಲೇ ಡಿಲೀಟ್ ಮಾಡಬೇಡಿ, ದೊಡ್ಡದರಲ್ಲಿ ನೋಡಿದಾಗ ಎಷ್ಟೋ ಫೋಟೋ ಚೆನ್ನಾಗಿರುತ್ತವೆ. ಎಲ್ಲವನ್ನೂ ಎರಡು ಜಾಗದಲ್ಲಿ ಕಾಪಿ ಮಾಡಿ. ಎರಡೂ ಕಡೆ ತೆರೆಯುತ್ತವಾ ಅಂತ ಒಂದೆರಡು ಫೋಟೋ ತೆರೆದು ನೋಡಿ. ಆಮೇಲೆ ಮೆಮೊರಿ ಕಾರ್ಡನ್ನು ಕ್ಯಾಮೆರಾಗೆ ಹಾಕಿ, ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಬ್ಯಾಟರಿ ಚಾರ್ಜ್‌ಗೆ ಇಟ್ಟೆ. ಮುಂದಿನ ವಿಡಿಯೋ ರಾ ಫೈಲ್, ಅಂದರೆ ಕ್ಯಾಮೆರಾ ಏನೂ ತಿದ್ದದೆ ಹಾಗೇ ಉಳಿಸುವ ಫೈಲ್ ಬಗ್ಗೆ, ಅಲ್ಲಿ ಇದೇ ಪುಟ್ಟಿಯ ಬೂದಿ ಫೋಟೋವನ್ನು ಎಷ್ಟರಮಟ್ಟಿಗೆ ಬಿಳಿ ಮಾಡಬಹುದು ಅಂತ ನೋಡೋಣ. ಬರ್ತೀನಿ.