ಪಿಯಾನೋ ಸಾಕಿದ ಚಿತ್ರಕಾರ

ಕೇಳುಗರೇ, ನಮಸ್ಕಾರ.

ಚಿತ್ರ ಬರೆಯಬೇಕು ಅಂತ ಊರು ಬಿಟ್ಟು ಪ್ಯಾರಿಸ್ಸಿಗೆ ಹೋದವರೊಬ್ಬರು, ಅಲ್ಲಿ ಹೊಟ್ಟೆಪಾಡಿಗೆ ಏನು ಮಾಡಿದರು ಗೊತ್ತಾ? ರಾತ್ರಿ ಹೊತ್ತು ಬಾರಿನಲ್ಲಿ ಕೂತು ಪಿಯಾನೋ ನುಡಿಸಿದರು. ದಕ್ಷಿಣ ಆಫ್ರಿಕಾದ ಜೆರಾರ್ಡ್ ಸೆಕೋಟೊ ಅವರ ಮಾತು ಹೇಳ್ತಿದ್ದೀನಿ.

ಹುಟ್ಟಿದ್ದು 1913ರಲ್ಲಿ, ಬೊಟ್ಶಾಬೆಲೊ ಅನ್ನೋ ಮಿಷನ್ ಊರಿನಲ್ಲಿ. ಅಪ್ಪ ಮಿಷನ್ನಿನ ಮೇಷ್ಟ್ರು. ಮನೆಯಲ್ಲೊಂದು ಹಾರ್ಮೋನಿಯಂ ಇತ್ತು, ಹುಡುಗನ ಬೆರಳು ಪಳಗಿದ್ದು ಅದರ ಮೇಲೆ. ಮುಂದೆ ತಾವೂ ಮೇಷ್ಟ್ರಾದರು. ಆದರೆ ಜೀವವೆಲ್ಲ ಬಣ್ಣದ ಮೇಲೆ. ಕೆಲಸ ಬಿಟ್ಟು ಜೊಹಾನ್ಸ್‌ಬರ್ಗ್‌ನ ಸೋಫಿಯಾಟೌನ್‌ಗೆ ಬಂದುಬಿಟ್ಟರು. ಕರಿಯರು ಸ್ವಂತ ಜಾಗ ಕೊಳ್ಳಬಹುದಾಗಿದ್ದ ಕೆಲವೇ ಬಡಾವಣೆಗಳಲ್ಲಿ ಅದೂ ಒಂದು. ಕಿಕ್ಕಿರಿದ ಮನೆಗಳು, ಗಲಾಟೆ, ಸಂಗೀತ. ಅಲ್ಲಿನ ಒಂದು ಬೀದಿಯ ಹಳದಿ ಮನೆಗಳನ್ನು ಅವರು ಬರೆದರು. 1940ರಲ್ಲಿ ಜೊಹಾನ್ಸ್‌ಬರ್ಗ್ ಆರ್ಟ್ ಗ್ಯಾಲರಿ ಆ ಚಿತ್ರ ಕೊಂಡಿತು. ಕರಿಯ ಕಲಾವಿದನ ಚಿತ್ರವನ್ನು ಆ ಗ್ಯಾಲರಿ ಕೊಂಡಿದ್ದು ಅದೇ ಮೊದಲು.

ಆಮೇಲೆ ಕೆಲವು ವರ್ಷ ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿದ್ದರು, ಮತ್ತೆ ಪ್ರಿಟೋರಿಯಾ ಬಳಿಯ ಈಸ್ಟ್‌ವುಡ್‌ನಲ್ಲಿ ತಾಯಿಯ ಜೊತೆ. ಅಲ್ಲಿದ್ದಾಗಲೇ 'ಸಾಂಗ್ ಆಫ್ ದ ಪಿಕ್' ಬರೆದದ್ದು. ನನಗೆ ಬಹಳ ಇಷ್ಟವಾದ ಚಿತ್ರ. ಸಾಲಾಗಿ ನಿಂತ ಕೂಲಿಗಳು ಒಂದೇ ತಾಳಕ್ಕೆ ಪಿಕಾಸಿ ಎತ್ತಿದ್ದಾರೆ. ಪಕ್ಕದಲ್ಲಿ ಬಿಳಿಯ ಮೇಸ್ತ್ರಿ. ಒಂದು ಫೋಟೋ ನೋಡಿ ಬರೆದ ಚಿತ್ರ ಅದು. ಆದರೆ ಸೆಕೋಟೊ ಕೈಯಲ್ಲಿ ಕೂಲಿಗಳ ಮೈ ಉಬ್ಬಿ ದೊಡ್ಡದಾಯಿತು, ಮೇಸ್ತ್ರಿ ಕಡ್ಡಿಯ ಹಾಗಾದ. ಒಂದು ಘೋಷಣೆ ಇಲ್ಲ, ಬಾವುಟ ಇಲ್ಲ. ಸುಮ್ನೆ ಅಳತೆ ಬದಲಾಯಿಸಿದರು, ಅಷ್ಟೆ.

1947ರಲ್ಲಿ ದೇಶ ಬಿಟ್ಟರು. ಲಂಡನ್ ಮೂಲಕ ಪ್ಯಾರಿಸ್. ಮರುವರ್ಷವೇ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನೀತಿಯ ಸರ್ಕಾರ ಬಂತು. ಪ್ಯಾರಿಸ್ಸಿನಲ್ಲಿ ಇವರಿಗೆ ಫ್ರೆಂಚ್ ಬಾರದು, ಚಿತ್ರ ಕೊಳ್ಳುವವರಿಲ್ಲ. ಸೇಂಟ್ ಜರ್ಮೇನ್ ಕಡೆಯ ಬಾರೊಂದರಲ್ಲಿ ಹಳೆಯ ಹಾರ್ಮೋನಿಯಂ ಪಾಠ ಕೈಹಿಡಿಯಿತು. ಜಾಜ್ ನುಡಿಸಿದರು, ಹಾಡಿದರು. ರಾತ್ರಿಯೆಲ್ಲ ಬಾರು, ಹಗಲು ಬಣ್ಣ. ಯಾರ ಮೈ ತಾನೇ ತಡೆದೀತು? 1949ರಲ್ಲಿ ಮನಸ್ಸು ಕುಸಿದು ಆಸ್ಪತ್ರೆ ಸೇರಬೇಕಾಯಿತು. ಎದ್ದು ಬಂದು ಮತ್ತೆ ಬ್ರಷ್ ಹಿಡಿದರು.

ಬರೆದದ್ದೇನು? ಪ್ಯಾರಿಸ್ಸಿನ ಬೀದಿಗಳನ್ನೂ ಬರೆದರು, ನಿಜ. ಆದರೆ ಮತ್ತೆ ಮತ್ತೆ ಕೈ ಹೋಗಿದ್ದು ಊರಿನ ನೆನಪಿಗೇ. 1966ರಲ್ಲಿ ಸೆನೆಗಲ್‌ಗೆ ಹೋಗಿ ಸುಮಾರು ಒಂದು ವರ್ಷ ಇದ್ದು ಬಂದಾಗ ಬಣ್ಣಕ್ಕೆ ಸ್ವಲ್ಪ ಜೀವ ಬಂತು. ಆದರೂ 1947ರಲ್ಲಿ ದೇಶ ಬಿಡುವ ಮೊದಲಿನ ಚಿತ್ರಗಳೇ ಜಾಸ್ತಿ ಗಟ್ಟಿ ಅಂತ ನನ್ನ ಅನಿಸಿಕೆ. ಎದುರಿಗೆ ನಿಂತ ಗೋಡೆಯ ಹಳದಿ ಬೇರೆ, ನೆನಪಿನ ಹಳದಿ ಬೇರೆ, ಅಲ್ವಾ?

ಅವರು ದೂರದಲ್ಲಿದ್ದಾಗಲೇ ಆ ಗೋಡೆಗಳೂ ಹೋದವು. 1955ರಿಂದ ಸೋಫಿಯಾಟೌನ್ ಜನರನ್ನು ಎಬ್ಬಿಸಿ ಮನೆಗಳನ್ನು ಕೆಡವಿದರು. ಅಲ್ಲಿ ಬಿಳಿಯರಿಗಾಗಿ ಹೊಸ ಬಡಾವಣೆ ಕಟ್ಟಿ 'ಟ್ರಯೋಂಫ್', ಅಂದರೆ ವಿಜಯ, ಅಂತ ಹೆಸರಿಟ್ಟರು. 1966ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಕೂಡ ಬಿಳಿಯರದ್ದು ಅಂತ ಸಾರಿದರು. ಇವರು ಬಾಳಿದ ಬೀದಿಗಳು ಉಳಿದದ್ದು ಇವರ ಚಿತ್ರಗಳಲ್ಲೇ.

1989ರಲ್ಲಿ ಜೊಹಾನ್ಸ್‌ಬರ್ಗ್‌ನ ಅದೇ ಗ್ಯಾಲರಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಸೆಕೋಟೊ ಊರಿಗೆ ಮರಳಲೇ ಇಲ್ಲ. 1993ರಲ್ಲಿ ಪ್ಯಾರಿಸ್ ಪಕ್ಕದ ನೋಜಾನ್‌ನಲ್ಲಿ, ವಯಸ್ಸಾದ ಕಲಾವಿದರ ಮನೆಯೊಂದರಲ್ಲಿ ತೀರಿಕೊಂಡರು. ಟ್ರಯೋಂಫ್‌ಗೆ ಸೋಫಿಯಾಟೌನ್ ಅನ್ನೋ ಹಳೇ ಹೆಸರು ವಾಪಸು ಬಂದದ್ದು 2006ರಲ್ಲಿ.

ನಮಸ್ಕಾರ.